ಸಾಯೋರ ಮೈ ಮುಟ್ಟೋರ್ಯಾರು?

ನಮ್ಮ ದೊಡ್ಡಮ್ಮ ಸೂಲಗಿತ್ತಿ. ಕೇರಿಯ ಮಕ್ಕಳಷ್ಟೇ ಅಲ್ಲ, ಊರೊಳಗಿನ ಅರ್ಧ ಮಕ್ಕಳು ಈ ಲೋಕದಲ್ಲಿ ಮೊದಲು ಕಂಡದ್ದು ಅವಳ ಕೈಯನ್ನೇ. ಹೆರಿಗೆ ನೋವು ಶುರುವಾದಾಗ ಹಿತ್ತಿಲ ಬಾಗಿಲಿಂದ ಒಳಗೆ ಕರೀತಿದ್ರು. ಮಗು ಹಿಡಿದು, ಹೊಕ್ಕುಳಬಳ್ಳಿ ಕುಯ್ದು, ಮಾಸು ಹೂತು, ಹಿತ್ತಿಲ ಬಾಗಿಲಿಂದಲೇ ಹೊರಗೆ ಬರ್ತಿದ್ಲು. ಅವಳು ಹೋದ ಮೇಲೆ ಆ ಮನೆಯವರು ನೀರು ಚಿಮುಕಿಸಿ ಮನೆ ಶುದ್ಧ ಮಾಡ್ಕೊಳ್ತಿದ್ರು. ಊರಿನಲ್ಲಿ ಯಾರಾದರೂ ಸತ್ತರೆ ನೆಂಟರೂರಿಗೆ ಸುದ್ದಿ ಒಯ್ಯುತ್ತಿದ್ದವನು ನಮ್ಮ ದೊಡ್ಡಪ್ಪ. ಗುಂಡಿ ತೋಡೋರು ನಮ್ಮೋರು, ತಮಟೆ ಬಡಿಯೋರು ನಮ್ಮೋರು. ಹುಟ್ಟಿಗೂ ನಮ್ಮ ಕೈ ಬೇಕು, ಸಾವಿಗೂ ನಮ್ಮ ಕೈ ಬೇಕು. ನಡುವೆ ಬದುಕಿರೋ ಅಷ್ಟು ದಿನ ಮಾತ್ರ ಆ ಕೈ ತಾಕಬಾರದು.

ಆ ದೊಡ್ಡಮ್ಮನಿಗೆ ಬಾಯಿ ಕ್ಯಾನ್ಸರ್ ಬಂತು. ನಾಟಿ ಹಾಕುವಾಗ, ಕಳೆ ಕೀಳುವಾಗ ಹಸಿವು ಮರೆಯೋಕೆ ದವಡೆಗೆ ಒತ್ತಿಕೊಳ್ಳುತ್ತಿದ್ದ ಹೊಗೆಸೊಪ್ಪು ಅವಳ ದವಡೆಯನ್ನೇ ತಿಂತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಮೂರು ಸಲ ಹೋಗಿ ಬಂದೆವು. ಒಂದು ಕುರಿ, ಆಮೇಲೆ ಒಂದು ಹಸು ಮಾರಿದೆವು. ಮೂರನೇ ಸಲ ಹೋದಾಗ ಒಂದು ಮಾತು ಹೇಳಿ ಕಳಿಸಿದರು. "ಇನ್ನು ಮಾಡೋಕೇನೂ ಇಲ್ಲ. ಮನೆಗೆ ಕರ್ಕೊಂಡೋಗಿ."

ಈ ಮಾತಿನ ಬಗ್ಗೆಯೇ ನಾನು ಬರೀಬೇಕು ಅಂತಿರೋದು. ಇಪ್ಪತ್ತು ವರ್ಷದಿಂದ ಇದು ನನ್ನ ಕಿವಿಯಲ್ಲಿ ಕೂತಿದೆ.

ಮನೆಗೆ ಬಂದ ಮೇಲೆ ಕೆನ್ನೆ ತೂತಾಯಿತು. ಹುಣ್ಣು ಕೊಳೆಯಿತು, ಹುಳ ಬಿತ್ತು. ಒಂದೇ ಅಂಕಣದ ಮನೆ, ವಾಸನೆಗೆ ಮಕ್ಕಳು ಉಣ್ಣಲಾರದೇ ಹೋದರು. ಸೊಸೆ ಗಂಜಿ ತಟ್ಟೆಯನ್ನ ದೂರದಿಂದ ತಳ್ಳೋಕೆ ಶುರು ಮಾಡಿದಳು. ಆಮೇಲೆ ಹಾಸಿಗೆ ಖಾಲಿಯಾಗಿದ್ದ ಹಸುವಿನ ಕೊಟ್ಟಿಗೆಗೆ ಹೋಯಿತು. ಅಸ್ಪೃಶ್ಯರ ಕೇರಿಯೊಳಗೇ ಒಬ್ಬಳು ಅಸ್ಪೃಶ್ಯಳಾದಳು. ಇದನ್ನ ಯಾವ ಗೌಡನೂ ಮಾಡಲಿಲ್ಲ, ಯಾವ ಪುರೋಹಿತನೂ ಮಾಡಲಿಲ್ಲ. ನಾವೇ ಮಾಡಿದೆವು. ಹೋಟ್ಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದಕ್ಕೆ ಧರಣಿ ಕೂತಿದ್ದ ನಾನು ನನ್ನ ದೊಡ್ಡಮ್ಮನ ಕೆನ್ನೆ ಮುಟ್ಟಲಿಲ್ಲ.

ಮುಟ್ಟಿದವಳು ಒಬ್ಬಳೇ. ಆರೋಗ್ಯ ಕೇಂದ್ರದ ನರ್ಸಮ್ಮ. ಬೇರೆ ತಾಲ್ಲೂಕಿನ ಕೇರಿಯಿಂದ ಬಂದ ಹುಡುಗಿ. ಕೊಟ್ಟಿಗೆಯೊಳಗೆ ಬಂದು ನೆಲದ ಮೇಲೆ ಕೂತು ದೊಡ್ಡಮ್ಮನ ಕೈ ಹಿಡಕೊಂಡಳು.

"ಯಾಕವ್ವಾ, ನಿಂಗೆ ವಾಸ್ನೆ ಬರಕಿಲ್ವಾ?"

"ಬತ್ತದೆ ಕಣಜ್ಜಿ. ಬಂದ್ರೇನು?"

"ಹಂಗಾದ್ರೆ ಒಂದು ಸೂಜಿ ಚುಚ್ಚಿ ಕಳಿಸ್ಬುಡವ್ವಾ ನನ್ನ. ತಡೆಯಕಾಗಕಿಲ್ಲ."

ಆ ಹುಡುಗಿ ಗಾಯಕ್ಕೆ ಒಂದಿಷ್ಟು ಹತ್ತಿ ಇಟ್ಟು, ನಾಲ್ಕು ಪ್ಯಾರಾಸಿಟಮಾಲ್ ಕೊಟ್ಟು, ಹೊರಗೆ ಬಂದು ಅತ್ತಳು. "ನಮಗೆ ಹೆರಿಗೆ ಹೇಳಿಕೊಟ್ರು ಅಣ್ಣಾ, ಚುಚ್ಚುಮದ್ದು ಹೇಳಿಕೊಟ್ರು. ಸಾಯೋರ ಹತ್ರ ಏನ್ ಮಾಡ್ಬೇಕು ಅಂತ ಯಾರೂ ಹೇಳಿಕೊಡ್ಲಿಲ್ಲ" ಅಂದಳು. ದೊಡ್ಡಮ್ಮ ಆಮೇಲೆ ಹನ್ನೊಂದು ದಿನ ಕೂಗಿ ಕೂಗಿ ಸತ್ತಳು.

ಆ ಹುಡುಗಿಯ ಹತ್ತಿರ ಕರುಣೆ ಇರಲಿಲ್ಲವೆ? ನಮ್ಮೆಲ್ಲರಿಗಿಂತ ಹೆಚ್ಚಿತ್ತು. ಆದರೆ ಕರುಣೆಯಿಂದ ದೊಡ್ಡಮ್ಮನ ನೋವು ಒಂದು ಕಾಳಿನಷ್ಟೂ ಇಳಿಯಲಿಲ್ಲ. ಅವಳ ಕೈಯಲ್ಲಿ ಇಲ್ಲದ್ದು ವಿದ್ಯೆ, ಮತ್ತು ಔಷಧಿ.

"ಮಾಡೋಕೇನೂ ಇಲ್ಲ" ಅನ್ನೋ ಮಾತು ಸುಳ್ಳು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಕೊಳೆತ ಹುಣ್ಣಿನ ವಾಸನೆಗೆ ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸಿದರೆ ಬಹುಮಟ್ಟಿಗೆ ಹೋಗ್ತದೆ. ಯಾವ ಔಷಧಿ ಅಂಗಡಿಯಲ್ಲೂ ಸಿಗೋ ಅಗ್ಗದ ಮಾತ್ರೆ. ಹುಳಕ್ಕೆ ಟರ್ಪೆಂಟೈನ್ ಎಣ್ಣೆ ಇದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನು ಹುಣ್ಣಾಗೋದನ್ನ ತಡೀಬಹುದು. ಕ್ಯಾನ್ಸರಿನ ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಸೂಜಿಯೂ ಬೇಡ, ಬಾಯಲ್ಲೇ ನುಂಗಬಹುದು, ನುಂಗಲಾಗದಿದ್ದರೆ ಬೇರೆ ದಾರಿಯೂ ಇದೆ. ನೋವು ಬಂದು ಕೂಗಿದ ಮೇಲೆ ಕೊಡೋದಲ್ಲ, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಕೊಡೋದು. ಮಲಬದ್ಧತೆ ಆಗ್ತದೆ, ಅದಕ್ಕೆ ಜೊತೆಯಲ್ಲೇ ಭೇದಿ ಔಷಧಿ ಕೊಡಬೇಕು. ಕಡಿಮೆ ನೋವಿಗೆ ಸಣ್ಣ ಔಷಧಿ, ಏರಿದ ಹಾಗೆ ದೊಡ್ಡ ಔಷಧಿ ಅಂತ ವಿಶ್ವ ಆರೋಗ್ಯ ಸಂಸ್ಥೆ ೧೯೮೬ರಲ್ಲೇ ಏಣಿ ಹಾಕಿ ತೋರಿಸಿತ್ತು. ನೋವು ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಕೇಳೋದನ್ನ ಕಲಿಸ್ತಾರಂತೆ. ನಮ್ಮ ಅಜ್ಜಿಗಳಿಗೆ ಹತ್ತರ ಲೆಕ್ಕ ಬೇಡ. "ಎಷ್ಟಾಣೆ ನೋವಜ್ಜಿ?" ಅಂತ ಕೇಳಿದರೆ ಸಾಕು. ಹದಿನಾರಾಣೆ ಅಂದವಳು ನಾಳೆ ನಾಲ್ಕಾಣೆ ಅಂದರೆ ಔಷಧಿ ಕೆಲಸ ಮಾಡಿತು ಅಂತ.

ಆಸ್ಪತ್ರೆಯವರು ಇದಕ್ಕೆ ಪ್ಯಾಲಿಯೇಟಿವ್ ಕೇರ್ ಅಂತಾರೆ. ಸರ್ಕಾರಿ ಕಾಗದದಲ್ಲಿ ಉಪಶಾಮಕ ಆರೈಕೆ. ನಮ್ಮ ಮಾತಲ್ಲಿ ಹೇಳೋದಾದರೆ, ರೋಗ ಗುಣ ಆಗದಿದ್ದರೂ ಮನುಷ್ಯನನ್ನ ಕೈಬಿಡದಿರೋದು. ಇದರಲ್ಲಿ ಮುಕ್ಕಾಲು ಪಾಲು ನರ್ಸಿನ ಕೆಲಸ. ಮೂರು ವರ್ಷ ಜನರಲ್ ನರ್ಸಿಂಗ್ ಓದಿದ ಹುಡುಗಿಗೆ ಇದು ಬೆಟ್ಟ ಹೊತ್ತ ಹಾಗೇನಲ್ಲ.

ಹಾಗಾದರೆ ಯಾಕೆ ಕಲಿಸಲಿಲ್ಲ? ಇಲ್ಲಿಂದ ನಿಜವಾದ ಪ್ರಶ್ನೆ ಶುರು.

ಈ ದೇಶದಲ್ಲಿ ಬಡವನ ನೋವು ಸಹಜ ಅನ್ನಿಸಿಕೊಂಡಿದೆ. ಕರ್ಮಸಿದ್ಧಾಂತ ಅದಕ್ಕೊಂದು ಲೆಕ್ಕದ ಪುಸ್ತಕ ಬರೆದಿಟ್ಟಿದೆ. ಹಿಂದೆ ಮಾಡಿದ್ದು ಈಗ ಉಣ್ಣು. ಮೇಲಿನವರು ಮಾತ್ರ ಹೀಗಂದಿದ್ದರೆ ಜಗಳ ಸುಲಭವಿತ್ತು. ನಮ್ಮ ಕೇರಿಯ ಮುದುಕರೂ "ಏನ್ ಪಾಪ ಮಾಡಿದ್ಲೋ" ಅಂದರು. ಹೆರಿಗೆ ಮಾಡಿಸಿದ ಕೈಗಳು ಯಾವ ಪಾಪ ಮಾಡಿದ್ದವು? ನೋವು ಶಿಕ್ಷೆ ಅಂತ ನಂಬಿದ ಸಮಾಜಕ್ಕೆ ಔಷಧಿ ಹುಡುಕೋ ದರ್ದು ಇರೋದಿಲ್ಲ.

ಇನ್ನೊಂದು ಕಾರಣ ಕಾನೂನು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಪರವಾನಗಿಯ ಮೇಲೆ ರೈತರು ಅಫೀಮು ಬೆಳೀತಾರೆ. ಅದರಿಂದಲೇ ಮಾರ್ಫಿನ್. ನಮ್ಮ ನೆಲದ ಅಫೀಮು ಹಡಗು ಹತ್ತಿ ಹೊರದೇಶದವರ ನೋವು ಇಳಿಸುತ್ತಿರುವಾಗ, ೧೯೮೫ರ ಮಾದಕ ವಸ್ತು ಕಾಯಿದೆ ಬಂದು ಇಲ್ಲಿನ ಆಸ್ಪತ್ರೆಗಳಿಗೆ ಒಂದಕ್ಕೆ ನಾಲ್ಕು ಲೈಸೆನ್ಸು ಬೇಕಾಯಿತು. ಆಸ್ಪತ್ರೆಗಳು ಮಾರ್ಫಿನ್ನಿನ ಸಹವಾಸವೇ ಬೇಡ ಅಂದವು. ೨೦೧೪ರಲ್ಲಿ ಕಾಯಿದೆ ತಿದ್ದಿದರು, ದಾರಿ ಸಡಿಲವಾಯಿತು. ನಡುವಿನ ಇಪ್ಪತ್ತೊಂಬತ್ತು ವರ್ಷ ಸತ್ತವರು ಸತ್ತರು. ಲೋಕದ ಲೆಕ್ಕವೂ ಹೀಗೇ ಇದೆ. ವರ್ಷಕ್ಕೆ ಜಗತ್ತಿನಲ್ಲಿ ಹಂಚಿಕೆಯಾಗುವ ಮಾರ್ಫಿನ್ ಜಾತಿಯ ಔಷಧಿ ಸುಮಾರು ೨೯೮ ಟನ್, ಅದರಲ್ಲಿ ತೀರಾ ಬಡ ದೇಶಗಳಿಗೆ ಸಿಕ್ಕಿದ್ದು ನೂರು ಕಿಲೋ ಮಾತ್ರ ಅಂತ ಲ್ಯಾನ್ಸೆಟ್ ಆಯೋಗ ೨೦೧೭ರಲ್ಲಿ ಹೇಳಿತು. ಅನ್ನದ ಹಾಗೆಯೇ ನೋವಿನ ಔಷಧಿಯೂ ಉಳ್ಳವರ ತಟ್ಟೆಯಲ್ಲಿದೆ.

ಮೂರನೆಯ ಕಾರಣ ನಮಗೆ ಚೆನ್ನಾಗಿ ಗೊತ್ತಿರೋದು. ಮುಟ್ಟುವವನಿಗೆ ಅಧಿಕಾರ ಇಲ್ಲ, ಅಧಿಕಾರ ಇರುವವನು ಮುಟ್ಟೋದಿಲ್ಲ. ಮಲ, ಕೀವು, ರಕ್ತದ ಕೆಲಸ ಮೈಲಿಗೆ ಅಂತ ಮೇಲ್ಜಾತಿಯ ಹೆಂಗಸರು ಬಹುಕಾಲ ನರ್ಸಿನ ಕೆಲಸಕ್ಕೆ ಬರಲಿಲ್ಲ. ಹೋದವರಲ್ಲಿ ಬಹಳ ಮಂದಿ ಕ್ರೈಸ್ತ ಹೆಣ್ಣುಮಕ್ಕಳು, ಕೆಳಗಿನಿಂದ ಬಂದ ಹೆಣ್ಣುಮಕ್ಕಳು. ಅವರ ಕೆಲಸಕ್ಕೆ "ಸೇವೆ" ಅಂತ ಹೆಸರಿಟ್ಟರು. ಸೇವೆ ಅಂದ ಕೂಡಲೇ ಸಂಬಳ ಕೇಳಬಾರದು, ಪ್ರಶ್ನೆ ಕೇಳಬಾರದು. ಲಂಡನ್ನಿನಲ್ಲೂ ಇದೇ ಕತೆ. ಸಿಸಿಲಿ ಸಾಂಡರ್ಸ್ ಅನ್ನೋ ಹೆಣ್ಣುಮಗಳು ನರ್ಸಾಗಿ ಸಾಯುವವರ ನೋವು ಕಂಡಳು. ನರ್ಸಿನ ಮಾತು ಯಾರೂ ಕೇಳೋದಿಲ್ಲ ಅಂತ ಗೊತ್ತಾಗಿ, ಮತ್ತೆ ಓದಿ ಡಾಕ್ಟರಾಗಿ, ೧೯೬೭ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಅನ್ನೋ ಆಸ್ಪತ್ರೆ ತೆರೆದಳು. ಕಂಡವಳು ನರ್ಸು, ಆದರೆ ಡಾಕ್ಟರು ಹೇಳಿದಾಗಲೇ ಲೋಕಕ್ಕೆ ಕೇಳಿಸಿದ್ದು.

ಈಗ ಹಳ್ಳಿಯ ನರ್ಸುಗಳಿಗೆ ಈ ಆರೈಕೆಯ ತರಬೇತಿ ಕೊಡಬೇಕು ಅನ್ನೋ ಮಾತು ಬಂದಿದೆ. ೨೦೧೮ರಿಂದ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅನ್ನೋ ಹೆಸರಿನಲ್ಲಿ ನರ್ಸಿಂಗ್ ಓದಿದವರನ್ನೇ ಕೂರಿಸುತ್ತಿದ್ದಾರೆ. ಅವರು ಮಾಡಬೇಕಾದ ಹನ್ನೆರಡು ಬಗೆಯ ಕೆಲಸಗಳ ಪಟ್ಟಿಯಲ್ಲಿ ಇದೂ ಇದೆ. ಒಳ್ಳೆಯದು. ನಾನು ಬೇಕು ಅನ್ನುವವನೇ. ಆದರೆ ಒಂದು ಅನುಮಾನವಿದೆ. ಹಿಂದೆ ಸಾವಿನ ಸುದ್ದಿ ಒಯ್ಯೋ ಕೆಲಸವನ್ನ, ಗುಂಡಿ ತೋಡೋ ಕೆಲಸವನ್ನ ಒಂದು ಕೇರಿಗೆ ಒಪ್ಪಿಸಿ ಊರು ಕೈತೊಳೆದುಕೊಂಡಿತು. ಈಗ ಗುತ್ತಿಗೆ ಮೇಲಿರೋ, ನಾಳೆ ಕೆಲಸ ಇರ್ತದೋ ಇಲ್ಲವೋ ಗೊತ್ತಿಲ್ಲದ ಒಬ್ಬ ನರ್ಸಿಗೆ ಸಾಯೋರನ್ನೆಲ್ಲ ಒಪ್ಪಿಸಿ ಕೈತೊಳೆದುಕೊಳ್ಳೋದಾದರೆ ಅದು ಹಳೆಯ ಚಾಕರಿಯೇ, ಬಿಳಿ ಬಟ್ಟೆ ಹಾಕಿಕೊಂಡು ಬಂದಿದೆ ಅಷ್ಟೆ. ಎರಡು ದಿನದ ತರಬೇತಿ, ಒಂದು ಸರ್ಟಿಫಿಕೇಟು, ಒಂದು ಫೋಟೋ. ಮೂರನೇ ದಿನ ಅವಳು ಕೊಟ್ಟಿಗೆಯಲ್ಲಿ ಬರಿಗೈಯಲ್ಲಿ ಕೂತಿರ್ತಾಳೆ.

ಬೇರೆ ರೀತಿ ಮಾಡಬಹುದು ಅಂತ ತೋರಿಸಿದವರಿದ್ದಾರೆ. ಪಕ್ಕದ ಕೇರಳದಲ್ಲಿ ೧೯೯೩ರಲ್ಲಿ ಕೋಳಿಕ್ಕೋಡಿನ ಕೆಲವು ಡಾಕ್ಟರುಗಳು ಶುರು ಮಾಡಿದ್ದು ಜನರ ಕೈಗೆ ಹೋಯಿತು. ೨೦೦೮ರಲ್ಲಿ ಅಲ್ಲಿನ ಸರ್ಕಾರ ಅದನ್ನ ನೀತಿಯಾಗಿ ಒಪ್ಪಿತು. ಮೂರು ತಿಂಗಳು ತರಬೇತಿ ಪಡೆದ ನರ್ಸು, ಜೊತೆಗೆ ಊರಿನ ಸ್ವಯಂಸೇವಕರು, ಪಂಚಾಯ್ತಿಯ ದುಡ್ಡಿನಲ್ಲಿ ಗಾಡಿ ಮಾಡಿಕೊಂಡು ಮನೆ ಮನೆಗೆ ಹೋಗ್ತಾರೆ. ನಮಗಿಂತ ಬಡ ದೇಶವಾದ ಉಗಾಂಡಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಈ ಆರೈಕೆಯಲ್ಲಿ ತರಬೇತಿ ಪಡೆದ ನರ್ಸೇ ಮಾರ್ಫಿನ್ ಬರೆದುಕೊಡಬಹುದು ಅಂತ ೨೦೦೪ರಲ್ಲಿ ಕಾನೂನು ಮಾಡಿತು. ಇಲ್ಲಿ ಡಾಕ್ಟರ ಸಹಿಯೇ ಆಗಬೇಕು. ಆ ಡಾಕ್ಟರು ನಮ್ಮ ಊರಿಗೆ ಯಾವ ಸೋಮವಾರ ಬರ್ತಾನೆ ಅಂತ ಬಲ್ಲವರು ಯಾರು?

"ಬದುಕೋರಿಗೇ ಔಷಧಿ ಇಲ್ಲ, ಸಾಯೋರಿಗೆ ಯಾಕ್ರೀ ಖರ್ಚು?" ಅಂತ ಗೆಳೆಯನೊಬ್ಬ ಕೇಳಿದ. ನಮ್ಮ ಸಂಘದವನೇ. ಅವನ ಮಾತಿನಲ್ಲಿ ಒಂದು ನಿಜ ಇದೆ. ದೊಡ್ಡಮ್ಮನ ಹುಣ್ಣು ಕಾಳಿನಷ್ಟಿದ್ದಾಗಲೇ ಯಾರಾದರೂ ಬಾಯಿ ತೆರೆಸಿ ನೋಡಿದ್ದರೆ ಅವಳು ಬದುಕುವ ದಾರಿ ಇತ್ತು. ಉಳ್ಳವರಿಗೆ ಗುಣವಾಗೋ ಚಿಕಿತ್ಸೆ, ಬಡವರಿಗೆ ನೋವಿಲ್ಲದ ಸಾವು ಅಂತ ಪಾಲು ಮಾಡಿದರೆ ಅದನ್ನ ಒಪ್ಪಬಾರದು. ಬಾಯಿ ನೋಡಿ ಹುಣ್ಣು ಗುರುತಿಸೋದೂ, ಕೊನೆಯಲ್ಲಿ ನೋವು ಇಳಿಸೋದೂ ಒಬ್ಬಳೇ ನರ್ಸು ಕಲಿಯಬೇಕಾದ ವಿದ್ಯೆ. ಆದರೆ ಗೆಳೆಯನ ಮಾತಿನ ಬುಡದಲ್ಲಿ ಇನ್ನೊಂದಿದೆ. ದುಡಿಯೋಕೆ ಬಾರದ ಮೈಗೆ ಬೆಲೆ ಇಲ್ಲ ಅನ್ನೋದು. ಅದು ಜಮೀನ್ದಾರನ ಲೆಕ್ಕ. ಮುದಿ ಎತ್ತನ್ನ ಅವನು ಹಾಗೇ ನೋಡೋದು, ಜೀತದವನನ್ನೂ ಹಾಗೇ ನೋಡ್ತಿದ್ದ. ಆ ಲೆಕ್ಕ ನಮ್ಮ ಬಾಯಲ್ಲಿ ಬರಬಾರದು.

ಘನತೆಯಿಂದ ಸಾಯೋದು ಹಕ್ಕು ಅಂತ ಸುಪ್ರೀಂ ಕೋರ್ಟು ೨೦೧೮ರಲ್ಲಿ ಹೇಳಿತು. ಅದನ್ನ ಜಾರಿ ಮಾಡೋಕೆ ಕರ್ನಾಟಕ ಸರ್ಕಾರ ೨೦೨೫ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಅದರಲ್ಲಿ ಇರೋದು ಗುಣವಾಗದ ರೋಗಿಗೆ ಹಾಕಿದ ಯಂತ್ರಗಳನ್ನ ತೆಗೆಯೋ ವಿಚಾರ. ಬೇಕಾದ್ದೇ. ಆದರೆ ವೆಂಟಿಲೇಟರ್ ತೆಗೆಯಬೇಕಾದರೆ ಮೊದಲು ಹಾಕಿರಬೇಕಲ್ಲ? ನಮ್ಮ ಜನ ಸಾಯೋದು ಕೊಟ್ಟಿಗೆಯಲ್ಲಿ, ಜಗಲಿಯಲ್ಲಿ. ಅಲ್ಲಿ ಘನತೆ ಅಂದರೆ ನಾಲ್ಕು ಗಂಟೆಗೊಂದು ಮಾತ್ರೆ, ಶುಚಿಯಾದ ಹತ್ತಿ, ಮುಟ್ಟೋ ಒಂದು ಕೈ.

ಮುಟ್ಟೋ ಕೈಯ ಪರಂಪರೆ ನಮ್ಮಲ್ಲಿ ಇಲ್ಲದೇ ಇಲ್ಲ. ಭೇದಿಯಾಗಿ ತನ್ನ ಹೇಲಿನಲ್ಲೇ ಬಿದ್ದಿದ್ದ ಭಿಕ್ಷುವನ್ನ ಉಳಿದ ಭಿಕ್ಷುಗಳು ಬಿಟ್ಟು ಹೋದಾಗ ಬುದ್ಧ ಆನಂದನ ಜೊತೆ ಸೇರಿ ತಾನೇ ತೊಳೆದ. ನನಗೆ ಸೇವೆ ಮಾಡುವವರು ರೋಗಿಗೆ ಮಾಡಲಿ ಅಂದ. ೧೮೯೭ರಲ್ಲಿ ಪುಣೆಯಲ್ಲಿ ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆ ಮಹಾರ್ ಕೇರಿಯ ಹುಡುಗನನ್ನ ಬೆನ್ನ ಮೇಲೆ ಹೊತ್ತು ಮಗನ ಚಿಕಿತ್ಸಾಲಯಕ್ಕೆ ತಂದಳು, ತಾನೇ ಪ್ಲೇಗು ತಗುಲಿ ಸತ್ತಳು. ನಾವು ಇವರ ಪಟಗಳಿಗೆ ಹಾರ ಹಾಕ್ತೀವಿ. ನಮ್ಮ ಕೊಟ್ಟಿಗೆಗಳ ಕಡೆ ಹೋಗೋದಿಲ್ಲ. ಆ ಕೆಲಸವನ್ನ ಮನೆಯ ಹೆಂಗಸರಿಗೆ ಬಿಟ್ಟಿದ್ದೀವಿ, ಅವರು ಸೋತು ತಟ್ಟೆ ತಳ್ಳಿದರೆ ಅವರನ್ನೇ ಬಯ್ತೀವಿ. ಆ ಸೊಸೆ ಹಗಲೆಲ್ಲ ಕೂಲಿ ಮಾಡಿ ಬಂದು ರಾತ್ರಿಯೆಲ್ಲ ಆ ಕೂಗು ಕೇಳ್ತಿದ್ದಳು ಅನ್ನೋದನ್ನ ನಾನು ಆವತ್ತು ಯೋಚಿಸಿರಲಿಲ್ಲ.

ಗೆಳೆಯರೆ, ಮುಂದಿನ ಗ್ರಾಮಸಭೆಯಲ್ಲಿ ನೀರು, ದೀಪ, ಸ್ಮಶಾನದ ಜಾಗದ ಜೊತೆಗೆ ಇದನ್ನೂ ಕೇಳೋಣ. ನಮ್ಮ ನರ್ಸಮ್ಮನಿಗೆ ಈ ವಿದ್ಯೆ ಸರಿಯಾಗಿ ಕಲಿಸಿದ್ದೀರಾ? ಅವಳ ಕೆಲಸ ಕಾಯಂ ಮಾಡಿದ್ದೀರಾ? ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಇಟ್ಟಿದ್ದೀರಾ, ಅವಳು ಕೇಳಿದರೆ ಕೊಡ್ತೀರಾ? ಊರಾಚೆ ಹೂಳೋಕೆ ಜಾಗ ಕೇಳಿ ಎಷ್ಟೋ ವರ್ಷ ಬಡಿದಾಡಿದ್ದೀವಿ. ಹೂಳೋಕೆ ಮುಂಚಿನ ಆ ಹನ್ನೊಂದು ದಿನಕ್ಕೂ ಬಡಿದಾಡಬೇಕು. ಮತ್ತು ನರ್ಸಮ್ಮ ಕೊಟ್ಟಿಗೆಗೆ ಬಂದಾಗ, ಮಗ್ಗುಲು ಬದಲಿಸೋಕೆ ಇನ್ನೊಂದು ಜೊತೆ ಕೈ ಬೇಕಾಗ್ತದೆ. ಆ ಕೈ ನಮ್ಮದಾಗಿರಬೇಕು.