ಅಲುಗುವ ಕಾಲಿಗೆ ಕರ್ತೃ ಯಾರು?

ಬಸ್ರೂರಿನಂಥ ಕರಾವಳಿಯ ಊರುಗಳಲ್ಲಿ ತೆಂಗು, ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರ ದೇಹವು, ಕ್ರಿಯೆಗೆ ಕರ್ತೃ ಯಾರೆಂಬ ಹಳೆಯ ಪ್ರಶ್ನೆಯನ್ನು ಬಹಳ ನೋವಿನ ರೀತಿಯಲ್ಲಿ ಎತ್ತುತ್ತದೆ. ಮೊದಲ ದಿನಗಳಲ್ಲಿ ಗಾಯದ ಕೆಳಗಿನ ಸ್ನಾಯುಗಳು ಜೋತುಬಿದ್ದು, ಮಂಡಿಚಿಪ್ಪಿನ ಕೆಳಗೆ ತಟ್ಟಿದರೂ ಕಾಲು ಚಿಮ್ಮುವುದಿಲ್ಲ; ವೈದ್ಯರು ಸ್ಪೈನಲ್ ಶಾಕ್ ಎನ್ನುವ ಈ ಸ್ಥಿತಿ ಕಳೆದಂತೆ ಪ್ರತಿವರ್ತನೆಗಳು, ಅಂದರೆ ಇಚ್ಛೆಗೆ ಕಾಯದೆ ನರಗಳೇ ನಡೆಸುವ ಚಲನೆಗಳು, ಹಲವರಲ್ಲಿ ವಾರಗಳೊಳಗೆ ಮರಳಿ, ಮುಂದೆ ಮೊದಲಿಗಿಂತ ತೀವ್ರವಾಗುತ್ತವೆ. ಮಿದುಳಿನಿಂದ ಇಳಿದುಬರುತ್ತಿದ್ದ ಹತೋಟಿ ತಪ್ಪಿ, ಹುರಿಯೊಳಗಿನ ನರಕೋಶಗಳು ಅತಿಸೂಕ್ಷ್ಮವಾಗುವುದೇ ಇದಕ್ಕೆ ಕಾರಣ. ಹೊದಿಕೆ ತಾಗಿದರೂ ಮಂಡಿ ಮಡಚಿಕೊಳ್ಳಬಹುದು. ಪಾದವನ್ನು ಥಟ್ಟನೆ ಮೇಲಕ್ಕೊತ್ತಿ ಹಿಡಿದರೆ ಅದು ಲಯಬದ್ಧವಾಗಿ ಅದುರಬಹುದು. ಮನೆಯವರು ಇದನ್ನು ಗುಣದ ಲಕ್ಷಣವೆಂದು ನಂಬುವುದು ಸಹಜವಾದರೂ, ಇಚ್ಛಾಚಲನೆ ಮರಳಿತೆಂಬುದಕ್ಕೆ ಅದು ಸಾಕ್ಷಿಯಲ್ಲ.

ತಲೆ ಕಳೆದುಕೊಂಡ ಕಪ್ಪೆಯ ಕಾಲು ಮೈಮೇಲಿನ ಆಮ್ಲವನ್ನು ಒರೆಸಿಕೊಳ್ಳುವುದನ್ನು ಕಂಡ ಜರ್ಮನಿಯ ಶರೀರಶಾಸ್ತ್ರಜ್ಞ ಫ್ಲ್ಯೂಗರ್, ಬೆನ್ನುಹುರಿಗೂ ಚೇತನವಿದೆಯೆಂದು 1853ರಲ್ಲಿ ವಾದಿಸಿದನು. ತತ್ತ್ವಜ್ಞ ಲೋಟ್ಸೆ ಅದನ್ನು ಒಪ್ಪಲಿಲ್ಲ. ಕರ್ತೃ ಯಾರೆಂಬ ಇದೇ ಪ್ರಶ್ನೆಗೆ ನಮ್ಮ ದರ್ಶನಗಳೂ ಬೇರೆಬೇರೆ ಉತ್ತರ ಕೊಟ್ಟಿವೆ. ಅದ್ವೈತಕ್ಕೆ ಆತ್ಮವು ಅಕರ್ತೃ, ಬರಿಯ ಸಾಕ್ಷಿ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರಾದರೋ ಜೀವನಿಗೆ ಕರ್ತೃತ್ವವು ನಿಜವಾಗಿಯೂ ಉಂಟು, ಆದರೆ ಅದು ಪರಾಧೀನ, ಎಂದರೆ ಈಶ್ವರನ ಅಧೀನ, ಎಂದರು. ಹಾಸಿಗೆ ಹಿಡಿದವನ ಅನುಭವಕ್ಕೆ ಈ ಮಾತೇ ಹತ್ತಿರವಾದುದು: ಅವನು ಇಚ್ಛಿಸುತ್ತಲೇ ಇದ್ದಾನೆ, ಸಾಧನ ಮಾತ್ರ ಕೈತಪ್ಪಿದೆ. ತಾನಾಗಿ ಅಲುಗುವ ಕಾಲಿನ ಸೆಳೆತವನ್ನು ಪೂರ್ವಕರ್ಮದ ಗುರುತೆಂದು ಓದುವುದು ಕ್ರೌರ್ಯ; ಅದು ದಿಢೀರನೆ ಹೆಚ್ಚಿದಾಗ ಹುಡುಕಬೇಕಾದುದು ಮೂತ್ರದ ಸೋಂಕನ್ನು, ಬೆನ್ನಡಿಯ ಒತ್ತುಹುಣ್ಣನ್ನು.