ತಾನೇ ಮಾಡಿದ್ದು

ಪೂರ್ತಿ ಕೈವಶವಾಗದ ವಿದ್ಯೆಯನ್ನು ನಾಲ್ಕು ಜನರ ಮುಂದೆ ಪ್ರದರ್ಶಿಸುವ ಹಕ್ಕು ಮನುಷ್ಯನಿಗೆ ಉಂಟೇ? ನಮ್ಮ ಮನೆಗಳಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿದೆ. ಮೊದಲು ಸರಳೆ, ಜಂಟಿವರಸೆ. ಆಮೇಲೆ ಗೀತೆ, ವರ್ಣ, ಕೃತಿ. ವರ್ಷಗಟ್ಟಲೆ ಗುರುಗಳ ಮುಂದೆ ಕುಳಿತು, ಅವರು ‘ಹೂಂ’ ಎಂದ ಮೇಲಲ್ಲವೇ ವೇದಿಕೆಯ ಮಾತು? ಈ ಕ್ರಮದಲ್ಲಿ ನನಗೂ ಶ್ರದ್ಧೆಯಿದೆ. ಆದರೆ ಇದಕ್ಕೆ ತೀರ ವಿರುದ್ಧವಾದ ಉತ್ತರವನ್ನು 1976ರ ಸುಮಾರಿಗೆ ಇಂಗ್ಲೆಂಡಿನ ಕೆಲವು ತರುಣರು ಕೊಟ್ಟರು. ಅವರ ಸಂಗೀತಕ್ಕೆ ಪಂಕ್ ರಾಕ್ ಎಂದು ಹೆಸರು. ಅದು ನನ್ನ ಕಿವಿಗೆ ಹಿತವಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ನಾನು ವಿಚಾರಿಸಹೊರಟಿರುವುದು ಅವರ ನಾದವನ್ನಲ್ಲ, ಅವರ ನೀತಿಯನ್ನು.

1976ರ ಜುಲೈಯಲ್ಲಿ ಲಂಡನ್ನಿನ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ ‘ಸ್ನಿಫಿನ್ ಗ್ಲೂ’ ಎಂಬ ಪತ್ರಿಕೆ ಹೊರಡಿಸಿದ. ಟೈಪ್‌ರೈಟರಿನಲ್ಲಿ ಕುಟ್ಟಿ, ತಲೆಬರಹಗಳನ್ನು ದಪ್ಪ ಪೆನ್ನಿನಲ್ಲಿ ಗೀಚಿ, ಜೆರಾಕ್ಸ್ ಪ್ರತಿ ತೆಗೆಸಿ, ಪಿನ್ನು ಹೊಡೆದ ಹಾಳೆಗಳು ಅವು. ಕಾಗುಣಿತದ ತಪ್ಪು, ಹೊಡೆದುಹಾಕಿದ ಗೀಟು ಎಲ್ಲವೂ ಇದ್ದಂತೆಯೇ ಓದುಗರ ಕೈ ಸೇರಿದವು. ಪತ್ರಿಕೆ ಸಾವಿರಾರು ಪ್ರತಿಗಳ ಮಟ್ಟಕ್ಕೆ ಬೆಳೆದಿದ್ದಾಗಲೇ, 1977ರಲ್ಲಿ, ಪೆರಿ ಅದನ್ನು ನಿಲ್ಲಿಸಿದ. ನನ್ನದನ್ನೇ ಓದುತ್ತ ಕೂರಬೇಡಿ, ನಿಮ್ಮದನ್ನು ನೀವು ಹೊರಡಿಸಿ ಎಂಬುದು ಓದುಗರಿಗೆ ಆತ ಕೊಡುತ್ತಿದ್ದ ಸಲಹೆ. ಓದುಗರನ್ನು ಹಿಡಿದಿಡಲು ಎಲ್ಲ ಪತ್ರಿಕೆಗಳೂ ಹೆಣಗುವ ಲೋಕದಲ್ಲಿ ಇದು ವಿಚಿತ್ರವಾದ ಔದಾರ್ಯ.

ಅದೇ ಕಾಲದಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡದವರು ಬಂಧುಮಿತ್ರರಿಂದ ಸುಮಾರು 500 ಪೌಂಡು ಸಾಲವೆತ್ತಿ, 1977ರ ಜನವರಿಯಲ್ಲಿ ‘ಸ್ಪೈರಲ್ ಸ್ಕ್ರಾಚ್’ ಎಂಬ ತಟ್ಟೆಯನ್ನು ತಾವೇ ಹೊರತಂದರು. ಮೊದಲು ಅಚ್ಚಾದದ್ದು 1000 ಪ್ರತಿ. ಅವು ಬೇಗನೆ ಖರ್ಚಾಗಿ, ಮತ್ತೆ ಮತ್ತೆ ಅಚ್ಚು ಹಾಕಿಸಬೇಕಾಯಿತು. ಅವರ ಬೆನ್ನ ಹಿಂದೆಯೇ ಡೆಸ್ಪರೇಟ್ ಬೈಸಿಕಲ್ಸ್ ಎಂಬ ಲಂಡನ್ ತಂಡ ಬಂತು. ತಮ್ಮ ಮೊದಲ ತಟ್ಟೆಗೆ ತಗುಲಿದ್ದು 153 ಪೌಂಡು ಮಾತ್ರ ಎಂದು ಅವರು ಎರಡನೆಯ ತಟ್ಟೆಯ ಹೊದಿಕೆಯ ಮೇಲೆ ಪ್ರಕಟಿಸಿದರು. 1978ರಲ್ಲಿ ಸ್ಕ್ರಿಟಿ ಪೊಲಿಟಿ ತಂಡದವರು ಇನ್ನೂ ಮುಂದೆ ಹೋಗಿ, ಧ್ವನಿಮುದ್ರಣಕ್ಕೆ ಇಷ್ಟು, ಅಚ್ಚಿಗೆ ಇಷ್ಟು ಎಂದು ಬಾಬುವಾರು ಲೆಕ್ಕವನ್ನೇ ಹೊದಿಕೆಯ ಮೇಲೆ ಕೊಟ್ಟರು.

ಹಾಡಿನ ತಟ್ಟೆಯ ಮೇಲೆ ದಿನಸಿ ಅಂಗಡಿಯ ಚೀಟಿಯೇ ಎಂದು ಓದುಗರು ನಕ್ಕಾರು. ನನಗಾದರೋ ಈ ಇಡೀ ಚಳವಳಿಯಲ್ಲಿ ಅತ್ಯಂತ ನೈತಿಕವಾಗಿ ತೋರುವುದು ಆ ಚೀಟಿಯೇ. ದೊಡ್ಡ ಕಂಪೆನಿಗಳ ಬಲ ಅವುಗಳ ಹಣದಲ್ಲಷ್ಟೇ ಇಲ್ಲ. ‘ಇದು ನಮ್ಮಂಥವರಿಂದ ಆಗುವ ಕೆಲಸವಲ್ಲ’ ಎಂದು ನಾವು ನಂಬಿಕೊಂಡಿರುವುದರಲ್ಲೂ ಇದೆ. ಖರ್ಚನ್ನು ಬಹಿರಂಗಪಡಿಸಿದವನು ಆ ನಂಬಿಕೆಯ ಬುಡಕ್ಕೇ ಕೈ ಹಾಕುತ್ತಾನೆ. ವ್ಯಾಪಾರಿಯು ಗುಟ್ಟಾಗಿಡುವುದನ್ನು ಗೆಳೆಯನಾದವನು ಹೇಳಿಕೊಡುತ್ತಾನೆ.

ಹೀಗೆ ಎಲ್ಲರೂ ಹೊರಟರೆ ಕೆಟ್ಟ ಹಾಡುಗಳೇ ತುಂಬಿಹೋಗುವುದಿಲ್ಲವೇ? ತುಂಬಿಯೇ ತುಂಬುತ್ತವೆ. ಆದರೆ ಕಲಿಯುವುದಕ್ಕೆ ಮೊದಲು ಮಾಡಲು ಹೊರಟವನು, ಮಾಡುತ್ತ ಕಲಿಯುವುದು ಬಹಳವುಂಟು. ವಾಷಿಂಗ್ಟನ್ ನಗರದಲ್ಲಿ 1980ರಲ್ಲಿ ಇಯಾನ್ ಮೆಕಾಯ್ ಮತ್ತು ಗೆಳೆಯರು, ಮುರಿದುಬಿದ್ದ ತಮ್ಮ ತಂಡದ ಕಾರ್ಯಕ್ರಮಗಳಿಂದ ಉಳಿಸಿದ್ದ ಹಣದಲ್ಲಿ ಡಿಸ್ಕಾರ್ಡ್ ಎಂಬ ಸಂಸ್ಥೆ ಕಟ್ಟಿದರು. ಹೊದಿಕೆಗಳನ್ನು ಕತ್ತರಿಸಿ, ಮಡಿಸಿ, ಅಂಟಿಸಿದವರೂ ಅವರೇ. ಕಲಾವಿದರೊಡನೆ ಲಿಖಿತ ಕರಾರು ಇಲ್ಲ, ಮಾತೇ ಕರಾರು. ಮೆಕಾಯ್ ಮುಂದೆ ಕಟ್ಟಿದ ಫುಗಾಜಿ ತಂಡ ಪ್ರವೇಶದರವನ್ನು ಸಾಮಾನ್ಯವಾಗಿ 5 ಡಾಲರಿಗೆ ನಿಲ್ಲಿಸಿತ್ತು. ಎಳೆಯರಿಗೂ ಒಳಗೆ ಬರಲು ಅವಕಾಶವಿರಬೇಕೆಂಬುದು ಅವರ ಪಟ್ಟು. ತಾನೇ ಮಾಡಿಕೊಳ್ಳುವುದೆಂದರೆ ಮನಸ್ಸು ಬಂದಂತೆ ಕುಣಿಯುವುದಲ್ಲ. ಅಂಟು ಹಚ್ಚುವುದು, ಲೆಕ್ಕ ಬರೆಯುವುದು, ಅಂಚೆಗೆ ಹಾಕುವುದು, ಕೊಟ್ಟ ಮಾತಿಗೆ ನಿಲ್ಲುವುದು. ಇವು ಗುರುಕುಲದ ಚಾಕರಿಗಿಂತ ಸುಲಭವೆಂದು ನನಗೆ ತೋರುವುದಿಲ್ಲ.

ಇನ್ನು ಕಷ್ಟದ ಪ್ರಶ್ನೆ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ, ಗಿಲ್ಮನ್ ಬೀದಿಯ 924ನೆಯ ನಂಬರಿನ ಕಟ್ಟಡದಲ್ಲಿ, 1986ರ ಕೊನೆಯ ದಿನ ಒಂದು ಸಭಾಂಗಣ ತೆರೆಯಿತು. ನಡೆಸುವವರು ಸ್ವಯಂಸೇವಕರು. ಮದ್ಯವಿಲ್ಲ, ಹೊಡೆದಾಟವಿಲ್ಲ, ಬಣ್ಣದ ದ್ವೇಷವಿಲ್ಲ. ದೊಡ್ಡ ಕಂಪೆನಿಗಳೊಡನೆ ಕರಾರು ಮಾಡಿಕೊಂಡ ತಂಡಕ್ಕೆ ಅಲ್ಲಿ ವೇದಿಕೆಯೂ ಇಲ್ಲ. ಅದೇ ಅಂಗಳದಲ್ಲಿ ಬೆಳೆದ ಗ್ರೀನ್ ಡೇ ತಂಡದ ಹುಡುಗರು 1993ರಲ್ಲಿ ಅಂಥ ಕರಾರಿಗೆ ರುಜು ಹಾಕಿದರು, ಬಾಗಿಲು ಮುಚ್ಚಿತು. ಅವರು ಮತ್ತೆ ಆ ವೇದಿಕೆ ಹತ್ತಿದ್ದು 2015ರಲ್ಲಿ, ಒಂದು ಸಹಾಯಾರ್ಥ ಕಾರ್ಯಕ್ರಮಕ್ಕಾಗಿ.

ಇದು ಮಡಿಯಲ್ಲವೇ? ಮಡಿಯ ಒಳಗೂ ಹೊರಗೂ ಏನಿದೆಯೆಂದು ಬಲ್ಲ ನಮಗೆ ಈ ಪ್ರಶ್ನೆ ಏಳದೆ ಇರದು. ನನ್ನ ಅಭಿಪ್ರಾಯ ಹೀಗೆ: ಜಾಗವನ್ನು ಕಾಯ್ದಿರಿಸುವುದು ಬೇರೆ, ಮನುಷ್ಯನ ಬೆಲೆ ಕಟ್ಟುವುದು ಬೇರೆ. ದೊಡ್ಡ ಕಂಪೆನಿಯ ಬೆಂಬಲವಿದ್ದವನಿಗೆ ನೂರು ವೇದಿಕೆಗಳುಂಟು. ನಿನ್ನೆ ಮೊನ್ನೆ ಗಿಟಾರು ಹಿಡಿದ ಹುಡುಗಿಗೆ ಇದೊಂದೇ. ಆದ್ದರಿಂದ ನಿಯಮ ನ್ಯಾಯವಾದದ್ದು. ಆದರೆ ಬಾಡಿಗೆ ಕಟ್ಟಬೇಕಾಗಿ, ಮನೆಯಲ್ಲಿ ಮಗುವಿದ್ದು, ಕರಾರಿಗೆ ಒಪ್ಪಿದವನನ್ನು ಪತಿತನೆಂದು ಜರೆದರೆ, ಅದೇ ನಿಯಮ ಅಹಂಕಾರವಾಗಿ ಪರಿಣಮಿಸುತ್ತದೆ. ಸ್ವಾತಂತ್ರ್ಯವನ್ನು ಸಾರಲು ಹೊರಟವರು ಪಂಕ್ತಿಭೇದಕ್ಕೆ ಇಳಿಯಬಾರದು.

ಇಂದು ಇದೆಲ್ಲ ಹಳೆಯ ಕಥೆಯಂತೆ ಕಾಣಬಹುದು. ಅಂಗೈಯಗಲದ ಫೋನಿನಲ್ಲಿ ಹಾಡನ್ನು ಮುದ್ರಿಸಿ ಅದೇ ಗಳಿಗೆಯಲ್ಲಿ ಲೋಕಕ್ಕೆ ಕಳಿಸಬಹುದು. 153 ಪೌಂಡೂ ಬೇಡ. 1982ರಲ್ಲಿ ಸ್ವಯಂಸೇವಕರ ದುಡಿಮೆಯಿಂದ ಆರಂಭವಾದ ‘ಮ್ಯಾಕ್ಸಿಮಮ್ ರಾಕ್‌ಎನ್‌ರೋಲ್’ ಪತ್ರಿಕೆ ಕೂಡ 2019ರಲ್ಲಿ ಮಾಸಿಕವಾಗಿ ಅಚ್ಚಾಗುವುದನ್ನು ನಿಲ್ಲಿಸಿತು. ಆದರೂ ಸಮಸ್ಯೆ ತೀರಿತೆಂದು ನನಗನಿಸುವುದಿಲ್ಲ. ಈಗ ನಾವು ಅಡಿಗೆ ಮಾಡುವುದು ನಾವೇ ಆದರೂ ಬಡಿಸುವುದು ಪರರ ಅಂಗಳದಲ್ಲಿ. ಯಾರ ಎಲೆಗೆ ಎಷ್ಟು ಬೀಳಬೇಕೆಂದು ಆ ಮನೆಯ ಯಜಮಾನ ಗೊತ್ತುಮಾಡುತ್ತಾನೆ. ಅವನ ಲೆಕ್ಕದ ಪುಸ್ತಕವನ್ನು ಕಂಡವರಿಲ್ಲ.

ಆದ್ದರಿಂದಲೇ ಆ ತರುಣರ ಚೀಟಿ ನನಗೆ ಇಂದಿಗೂ ಬೆಲೆಯುಳ್ಳದ್ದು. ಮಾಡಿದ್ದು ಒರಟಾಗಿದೆಯೇ ನಯವಾಗಿದೆಯೇ ಎಂಬುದಷ್ಟನ್ನೇ ಕೇಳದೆ, ಇದನ್ನು ನೋಡಿದವರಲ್ಲಿ ಎಷ್ಟು ಜನ ‘ನಾನೂ ಮಾಡಬಲ್ಲೆ’ ಎಂದು ಎದ್ದರು ಎಂದೂ ಕೇಳಬೇಕು. ಒಳ್ಳೆಯ ಗುರುವೂ ಶಿಷ್ಯನಿಂದ ಬಯಸುವುದು ಇದನ್ನೇ ಅಲ್ಲವೇ? ತಂಬೂರಿಯನ್ನು ಶ್ರುತಿಗೂಡಿಸುವುದನ್ನು ಶಿಷ್ಯನಿಗೆ ಕಲಿಸಿಕೊಟ್ಟವನಿಗೂ, ತಟ್ಟೆಯ ಖರ್ಚನ್ನು ಅಪರಿಚಿತರಿಗೆ ಬರೆದುಕೊಟ್ಟವನಿಗೂ ನಾದದಲ್ಲಿ ಎಷ್ಟೇ ದೂರವಿರಲಿ, ಧರ್ಮದಲ್ಲಿ ಅಷ್ಟು ದೂರವಿಲ್ಲ.