ಬೀಗ ಮತ್ತು ತಂತಿ

ರಾಮನಗರದ ಬೆಟ್ಟಗಳಲ್ಲಿ ಚಿತ್ರೀಕರಣವಾದ ‘ಶೋಲೆ’ಯ ದರೋಡೆಕೋರರು ಕುದುರೆಯೇರಿ, ಧೂಳೆಬ್ಬಿಸಿ, ಊರಿಗೆಲ್ಲ ಕೇಳುವಂತೆ ಬರುತ್ತಾರೆ. ಈ ಸೀಮೆಯ ಜನ ಈಗ ಹೆದರುವ ಕಳ್ಳ ಅಂಥವನಲ್ಲ. ರಾತ್ರಿ ಶೆಡ್ಡಿನ ಶಟರ್ ಮೀಟಿ ಬೈಕನ್ನು ಸದ್ದಿಲ್ಲದೆ ತಳ್ಳಿಕೊಂಡು ಹೋಗುವವನು, ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿ ತಾಮ್ರ ಮಾರುವವನು. ಅವನ ಮುಖ ಯಾರೂ ನೋಡಿಲ್ಲ. ಹಾಗಾಗಿ ಶೆಡ್ಡಿಗೆ ಕಾವಲು ಹಾಕುವಾಗ, ಅದನ್ನು ಯಾರ ವಿರುದ್ಧ ಹಾಕುತ್ತಿದ್ದೇವೆಂಬುದು ನಮಗೇ ಗೊತ್ತಿರುವುದಿಲ್ಲ.

ಮಾಗಡಿ, ಕನಕಪುರದ ಕಡೆಯ ಹಳೆಯ ಮನೆಗಳಲ್ಲಿ ದನಗಳೂ ಮನೆಯೊಳಗೇ ಇರುತ್ತಿದ್ದವು. ಕತ್ತಲಾದ ಮೇಲೆ ಮನುಷ್ಯರು, ರಾಸುಗಳು ಎಲ್ಲ ಒಂದೇ ಅಗುಳಿಯ ಹಿಂದೆ. ರಾಗಿ ಮಾತ್ರ ನೆಲದೊಳಗಿನ ಹಗೇವಿನಲ್ಲಿ. ಅದರ ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ಹಾಕಿದರೆ, ಮತ್ತೆ ತೆಗೆಯುವುದು ಒಬ್ಬರ ಕೆಲಸವಲ್ಲ. ತೆಗೆದ ಕೂಡಲೇ ಇಳಿಯುವಂತೆಯೂ ಇಲ್ಲ, ಒಳಗಿನ ಕೆಟ್ಟ ಗಾಳಿ ಹೋಗುವತನಕ ಕಾಯಬೇಕು. ಆ ಅಪಾಯ ಒಡೆಯನಿಗೂ ಅಷ್ಟೇ ಇತ್ತು. ಹಳೆಯ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಆಗಲೂ ಕಳ್ಳತನವಿತ್ತು, ಮೊದಲ ಅನುಮಾನ ಯಾವ ಕೇರಿಯ ಮೇಲೆ ಬೀಳುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. 1871ರ ಬ್ರಿಟಿಷ್ ಕಾಯ್ದೆಯಂತೂ ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿ ಮಾಡಿತು. ಅದು ರದ್ದಾಗಿದ್ದು 1952ರಲ್ಲಿ. ಆದರೂ ಹಗೇವಿನ ಕಲ್ಲಿಗೆ ಯಾರ ಮೇಲೂ ಅನುಮಾನವಿರಲಿಲ್ಲ. ಅದು ಎಲ್ಲರನ್ನೂ ಒಂದೇ ಸಮ ತಡಮಾಡಿಸುತ್ತಿತ್ತು.

ಬೀಗವೂ ಮಾಡುವುದು ಅಷ್ಟನ್ನೇ. ಕಟರ್ ಇದ್ದವನಿಗೆ ಅದು ನಾಲ್ಕು ನಿಮಿಷದ ಕೆಲಸ. ಆ ನಾಲ್ಕು ನಿಮಿಷದಲ್ಲಿ ನಾಯಿ ಬೊಗಳಬಹುದು, ಪಕ್ಕದ ಮನೆಯ ಅಜ್ಜ ಕೆಮ್ಮಬಹುದು. (ನಮ್ಮ ಕಡೆ ಶೆಡ್ಡಿನ ಕೀ ಮೀಟರ್ ಪೆಟ್ಟಿಗೆಯಲ್ಲಿ ಇರುತ್ತದೆಂದು ಕಳ್ಳನಿಗೂ ಗೊತ್ತು, ಆ ಮಾತು ಬೇರೆ.) ಗುದ್ದಲಿ ಕೇಳಲು ಬಂದ ನೆರೆಯವನು ಬೀಗ ನೋಡಿ, ಒಂದು ಕೂಗು ಹಾಕಿ, ವಾಪಸು ಹೋಗುತ್ತಾನೆ. ಅವನಿಗೆ ಏನೂ ಆಗುವುದಿಲ್ಲ.

ತಂತಿಯ ಕಥೆ ಬೇರೆ. ಕಾಡಂಚಿನ ಹೊಲಗಳಲ್ಲಿ ಹಂದಿ, ಆನೆಗಳಿಗೆಂದು ಕಳ್ಳತನದಿಂದ ಕರೆಂಟು ಹರಿಸುವ ಬುದ್ಧಿ ಮನೆಯ ಗೋಡೆಯತನಕ ಬರಲು ತಡವಾಗದು. 1963ರಲ್ಲಿ ಸುಪ್ರೀಂ ಕೋರ್ಟ್ ಚೆರುಬಿನ್ ಗ್ರೆಗರಿ ಮತ್ತು ಬಿಹಾರ ರಾಜ್ಯದ ನಡುವಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆತ ಕಾಯುತ್ತಿದ್ದದ್ದು ಬಂಗಾರವನ್ನಲ್ಲ, ಪಾಯಿಖಾನೆಯನ್ನು! ಪಕ್ಕದ ಮನೆಯವರ ಪಾಯಿಖಾನೆಯ ಗೋಡೆ ಬಿದ್ದಿತ್ತು; ಅವರು ಇವನದ್ದನ್ನು ಬಳಸತೊಡಗಿದ್ದರು. ಆತ ದಾರಿಗೆ ಬರಿ ತಂತಿ ಕಟ್ಟಿ ಕರೆಂಟು ಹರಿಸಿದ, ಎಚ್ಚರಿಕೆಯ ಒಂದು ಗುರುತೂ ಇರಲಿಲ್ಲ. ಒಳಗೆ ಹೋಗುವಾಗ ತಂತಿ ತಾಗದ ಹೆಂಗಸಿಗೆ ಹೊರಬರುವಾಗ ಕೈ ತಾಗಿತು, ಸತ್ತಳು. ನನ್ನ ಆಸ್ತಿಯ ರಕ್ಷಣೆ ನನ್ನ ಹಕ್ಕು ಎಂಬ ಅವನ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಅತಿಕ್ರಮ ಪ್ರವೇಶ ಮಾಡಿದವರು ಕಾನೂನಿನ ಆಸರೆ ಕಳೆದುಕೊಂಡವರಲ್ಲ ಎಂದಿತು.

ಕಾನೂನು ಮಾಲೀಕನನ್ನು ಕೈಕಟ್ಟಿ ಕೂರಿಸುವುದಿಲ್ಲ. ರಾತ್ರಿ ಮನೆ ಒಡೆದು ನುಗ್ಗುವವನನ್ನು ತಡೆಯುವಾಗ ಪ್ರಾಣಹಾನಿಯಾದರೂ, ಅದನ್ನು ಕ್ಷಮಿಸುವ ಅವಕಾಶ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಂನಲ್ಲಿದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು. ಎಷ್ಟು ಅಗತ್ಯವೆಂದು ತೂಗಲು ಅಲ್ಲಿ ಎಚ್ಚರವಾಗಿರುವ ಒಬ್ಬ ಮನುಷ್ಯ ಇರಬೇಕು. ಕೋಲೆತ್ತಿದವನು ಎದುರಿಗಿರುವುದು ಮಗುವೆಂದು ಕಂಡರೆ ಕೈ ಇಳಿಸಬಲ್ಲ. ತಂತಿ ಕಟ್ಟಿದವನು ಮಲಗಿರುತ್ತಾನೆ.

ಇದಕ್ಕೆ ರೈತನ ಉತ್ತರ ನನಗೆ ಗೊತ್ತು, ಅದು ಹಗುರವಾದದ್ದೂ ಅಲ್ಲ. ನಾಲ್ಕನೇ ಜ್ವರ ಎದ್ದ ರೇಷ್ಮೆಹುಳು ಅತಿ ಹೆಚ್ಚು ಸೊಪ್ಪು ಬೇಡುವ ದಿನಗಳವು. ಬೇಸಿಗೆಯಲ್ಲಿ ಹಿಪ್ಪುನೇರಳೆಗೆ ನೀರು ತಪ್ಪಿದ್ದರೆ ಆಗ ಸೊಪ್ಪು ಸಾಲುವುದಿಲ್ಲ. ಕಳ್ಳ ಒಯ್ದದ್ದು ಕೆಲವು ಮೀಟರು ಕೇಬಲ್, ಹೋದದ್ದು ಒಂದು ಬೆಳೆ, ಅದನ್ನು ನಂಬಿ ಮಾಡಿದ ಸಾಲ. ಹಾಸ್ಟೆಲ್ಲಿನಲ್ಲಿ ಕೂತು ಬರೆಯುವ ನನಗೆ ಹಳೆಯ ಲ್ಯಾಪ್‌ಟಾಪ್ ಬಿಟ್ಟರೆ ಕಳೆದುಕೊಳ್ಳಲು ಏನಿದೆ? ಅವನ ಸಿಟ್ಟಿಗೆ ನನ್ನ ತಕರಾರಿಲ್ಲ.

ತಕರಾರು ಅವನ ಲೆಕ್ಕದ ಬಗ್ಗೆ. ಕತ್ತಲಲ್ಲಿ ಅವನ ಶೆಡ್ಡಿಗೆ ಕೈ ಹಾಕುವವರು ಯಾರ್‍ಯಾರು? ಮಳೆಗೆ ಸೂರು ಹುಡುಕುವವನು, ಕುಡಿದು ಮನೆ ತಪ್ಪಿದ ನೆಂಟ, ಹೆರಿಗೆ ನೋವೆಂದು ಗಾಡಿ ಕೇಳಲು ಓಡಿಬಂದ ಅತ್ತೆ, ನಸುಕಿನಲ್ಲಿ ಸೊಪ್ಪು ಕೊಯ್ಯಲು ಬರುವ ಆಳು. ವರ್ಷಕ್ಕೋ ಎರಡು ವರ್ಷಕ್ಕೋ ಒಬ್ಬ ಕಳ್ಳ. ಶಟರಿನ ಎರಡೂ ತುದಿಗೆ ಗಟ್ಟಿ ಬೀಗ, ಹೊರಗೊಂದು ದೀಪ, ಬೈಕಿಗೆ ಗೋಡೆಗೆ ಬಿಗಿದ ಸರಪಳಿ, ನೆರೆಯವರೊಡನೆ ಮಾತುಕತೆ. ಇವಿಷ್ಟಕ್ಕೆ ಆ ಕಳ್ಳ ಹೆಚ್ಚಾಗಿ ಮುಂದಿನ ಮನೆಗೆ ಹೋಗುತ್ತಾನೆ. ಆಗ ಮುಂದಿನ ಮನೆಯವರಿಗೆ ನಾವು ಏನು ಹೇಳುವುದು ಎಂಬ ಪ್ರಶ್ನೆಗೆ ನನ್ನ ಬಳಿ ಇನ್ನೂ ಉತ್ತರವಿಲ್ಲ.